ಟ್ಯಾಂಕ್ ಎಣಿಸಿದ ಅರಿಜೋನಾ, ಮೈಲಿ ಎಣಿಸುವ ಹವಾಯಿ

2000ನೇ ಇಸವಿ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಜನ ದೊಡ್ಡ ದೊಡ್ಡ ಎಸ್‌ಯುವಿಗಳನ್ನು ಕೊಳ್ಳಲು ಮುಗಿಬಿದ್ದರು. ಗಾಡಿಗೆ ಪ್ರೊಪೇನ್ ಅಥವಾ ನೈಸರ್ಗಿಕ ಅನಿಲದ ಒಂದು ಟ್ಯಾಂಕ್ ಕೂರಿಸಿಕೊಂಡರೆ ಸಾಕು, ಬೆಲೆಯ ಶೇ 30ರಿಂದ 50ರಷ್ಟು ಹಣವನ್ನು ರಾಜ್ಯ ಸರ್ಕಾರವೇ ತುಂಬಿಕೊಡುತ್ತಿತ್ತು. ಮೂರ್ನಾಲ್ಕು ಗ್ಯಾಲನ್ ಹಿಡಿಯುವ ಪುಟ್ಟ ಟ್ಯಾಂಕ್ ಆದರೂ ನಡೆಯುತ್ತಿತ್ತು. ಪೆಟ್ರೋಲ್ ಟ್ಯಾಂಕ್ ತನ್ನ ಜಾಗದಲ್ಲಿ ಹಾಗೇ ಇರುತ್ತಿತ್ತು. ಹೊಸ ಟ್ಯಾಂಕಿಗೆ ಅನಿಲ ತುಂಬಿಸಿಯೇ ಓಡಿಸಬೇಕು ಎಂಬ ಷರತ್ತು ಮಾತ್ರ ಕಾನೂನಿನಲ್ಲಿ ಇರಲಿಲ್ಲ.

ಜನ ಲೆಕ್ಕ ಹಾಕಿದರು, ಕೊಂಡರು. ಅವರದೇನೂ ತಪ್ಪಿಲ್ಲ. ಯೋಜನೆಗೆ ಹೆಚ್ಚೆಂದರೆ ಒಂದು ಕೋಟಿ ಡಾಲರ್ ಖರ್ಚಾಗಬಹುದು ಎಂದು ಶಾಸಕರು ಅಂದುಕೊಂಡಿದ್ದರು. ಕೆಲವೇ ತಿಂಗಳಲ್ಲಿ ಆ ಅಂದಾಜು 50 ಕೋಟಿ ಡಾಲರ್ ಆಸುಪಾಸಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ತಡೆ ಬಿತ್ತು. ಡಿಸೆಂಬರ್‌ನಲ್ಲಿ ವಿಶೇಷ ಅಧಿವೇಶನ ಕರೆದು ಯೋಜನೆಯನ್ನೇ ಕೈಬಿಟ್ಟರು. ಅಷ್ಟರಲ್ಲಿ ಬೊಕ್ಕಸದಿಂದ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೋಗುವುದು ಖಚಿತವಾಗಿತ್ತು. ಮಸೂದೆಯನ್ನು ಮುಂದೆ ನಿಂತು ಪಾಸ್ ಮಾಡಿಸಿದ್ದ ಕೆಳಮನೆಯ ಸ್ಪೀಕರ್ ಜೆಫ್ ಗ್ರೋಸ್ಕಾಸ್ಟ್ ಆ ನವೆಂಬರ್‌ನಲ್ಲಿ ತಮ್ಮ ಪಕ್ಷದ ಭದ್ರಕೋಟೆಯಲ್ಲೇ ಚುನಾವಣೆ ಸೋತರು.

ಅರಿಜೋನಾದ ಕಾನೂನು ಎಣಿಸಿದ್ದು ಟ್ಯಾಂಕನ್ನು. ಅದಕ್ಕೆ ಸಿಕ್ಕಿದ್ದೂ ಟ್ಯಾಂಕೇ. ಗಾಳಿ ಶುದ್ಧವಾಗಲಿ ಎಂಬ ಆಸೆ ಮಸೂದೆಯ ಹೆಸರಿನಲ್ಲಿತ್ತು, ಲೆಕ್ಕದಲ್ಲಿ ಇರಲಿಲ್ಲ.

ಇಪ್ಪತ್ತೈದು ವರ್ಷ ಹಳೆಯ ಈ ಕತೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ವಿದ್ಯುತ್ ಕಾರು, ಎಥೆನಾಲ್, ಜೈವಿಕ ಡೀಸೆಲ್, ಹೈಡ್ರೋಜನ್ ಎಂದು ಅಮೆರಿಕದ 50 ರಾಜ್ಯಗಳಲ್ಲಿ ನೂರಾರು ರಿಯಾಯಿತಿಗಳಿವೆ, ಅಷ್ಟೇ ಕಟ್ಟಳೆಗಳೂ ಇವೆ. ಅವನ್ನೆಲ್ಲ ಪಟ್ಟಿ ಮಾಡುತ್ತಾ ಕೂತರೆ ತಲೆ ತಿರುಗುತ್ತದೆ. ನನಗೆ ಎರಡು ಪ್ರಶ್ನೆ ಸಾಕು ಅನ್ನಿಸುತ್ತದೆ. ಈ ಕಾನೂನು ಏನನ್ನು ಎಣಿಸುತ್ತದೆ? ಎಷ್ಟು ದಿನ ಉಳಿಯುತ್ತದೆ? 2025ರಲ್ಲಿ ಆ ದೇಶದಲ್ಲಿ ನಡೆದ ದೊಡ್ಡ ಬದಲಾವಣೆಗಳನ್ನು ಅರ್ಥ ಮಾಡಿಕೊಳ್ಳಲೂ ಇವೇ ಎರಡು ಪ್ರಶ್ನೆ ಬೇಕು.

ಕಾಗದದ ಮೇಲಿನ ಎಥೆನಾಲ್

ಅರಿಜೋನಾ ಒಂದೇ ಎಡವಿದ್ದಲ್ಲ. ಅದೇ ತಪ್ಪನ್ನು ಇಡೀ ದೇಶ ನಿಧಾನವಾಗಿ, ದಶಕಗಳ ಕಾಲ ಮಾಡಿತು.

1988ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು. ಕಾರು ಕಂಪನಿಗಳು ತಮ್ಮ ಎಲ್ಲ ಗಾಡಿಗಳ ಸರಾಸರಿ ಮೈಲೇಜನ್ನು ಸರ್ಕಾರ ಹೇಳಿದ ಮಟ್ಟಕ್ಕೆ ತರಬೇಕು ಎಂಬ ನಿಯಮ ಮೊದಲೇ ಇತ್ತು. ಹೊಸ ಕಾನೂನು ಅದಕ್ಕೊಂದು ಸಡಿಲಿಕೆ ಕೊಟ್ಟಿತು. ಪೆಟ್ರೋಲ್ ಮತ್ತು ಇ85 (ಬಹುಪಾಲು ಎಥೆನಾಲ್ ಇರುವ ಇಂಧನ) ಎರಡರಲ್ಲೂ ಓಡುವ ಫ್ಲೆಕ್ಸ್ ಫ್ಯೂಯೆಲ್ ಕಾರು ಮಾಡಿದರೆ, ಅದು ಅರ್ಧ ದೂರ ಇ85ರಲ್ಲೇ ಓಡುತ್ತದೆ ಎಂದು ಲೆಕ್ಕಕ್ಕೆ ಹಿಡಿಯಬಹುದಿತ್ತು. ಹಾಗೆ ಹಿಡಿದಾಗ ಕಾಗದದ ಮೇಲೆ ಮೈಲೇಜ್ ಏರುತ್ತಿತ್ತು. ದಪ್ಪ ದಪ್ಪ ಪಿಕಪ್ ಗಾಡಿಗಳನ್ನು ಮಾರುವ ಕಂಪನಿಗಳಿಗೆ ಇದು ತುಂಬಾ ಅನುಕೂಲವಾಯಿತು. ಒಂದು ಗಾಡಿಯನ್ನು ಫ್ಲೆಕ್ಸ್ ಮಾಡಲು ತಗಲುವ ಖರ್ಚೂ ಕಡಿಮೆ.

ಫಲ ಏನಾಯಿತು? ಎರಡು ಕೋಟಿಗೂ ಹೆಚ್ಚು ಫ್ಲೆಕ್ಸ್ ಗಾಡಿಗಳು ರಸ್ತೆಗೆ ಬಂದವು. ಇ85 ಸಿಗುವ ಬಂಕ್‌ಗಳು ಇವತ್ತಿಗೂ ನಾಲ್ಕು ಸಾವಿರದ ಲೆಕ್ಕದಲ್ಲಿವೆ, ಅದೂ ಬಹುಪಾಲು ಮೆಕ್ಕೆಜೋಳ ಬೆಳೆಯುವ ಮಧ್ಯಪಶ್ಚಿಮ ರಾಜ್ಯಗಳಲ್ಲಿ. ತಮ್ಮ ಗಾಡಿ ಇ85ರಲ್ಲಿ ಓಡುತ್ತದೆ ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ.

ಸರ್ಕಾರಿ ಗಾಡಿಗಳ ಕತೆಯೂ ಇದೇ. 1992ರ ಇಂಧನ ನೀತಿ ಕಾನೂನಿನ ಪ್ರಕಾರ ರಾಜ್ಯ ಸರ್ಕಾರಗಳು ತಮ್ಮ ದೊಡ್ಡ ಫ್ಲೀಟ್‌ಗಳಿಗೆ ಕೊಳ್ಳುವ ಹಗುರ ಗಾಡಿಗಳಲ್ಲಿ ಶೇ 75ರಷ್ಟು ಪರ್ಯಾಯ ಇಂಧನದವು ಆಗಿರಬೇಕು. ಯಾವುದು ಪರ್ಯಾಯ ಇಂಧನ ಎಂಬ ಪಟ್ಟಿಯೂ ಅದೇ ಕಾನೂನಿನಲ್ಲಿದೆ: ವಿದ್ಯುತ್, ಹೈಡ್ರೋಜನ್, ನೈಸರ್ಗಿಕ ಅನಿಲ, ಪ್ರೊಪೇನ್, ಇ85, ಶುದ್ಧ ಜೈವಿಕ ಡೀಸೆಲ್ ಇತ್ಯಾದಿ. ಫ್ಲೆಕ್ಸ್ ಕಾರು ಕೊಂಡರೂ ಲೆಕ್ಕಕ್ಕೆ ಸೇರುತ್ತಿತ್ತು. ಆಮೇಲೆ ಅದಕ್ಕೆ ಪೆಟ್ರೋಲ್ ಹಾಕಿದರೆ ಕೇಳುವವರಿಲ್ಲ. ಎಣಿಕೆ ಖರೀದಿಯದ್ದು, ಓಡಾಟದ್ದಲ್ಲ.

ಎಥೆನಾಲ್ ನಿಜವಾಗಿ ಟ್ಯಾಂಕ್ ಸೇರಿದ್ದು ಬೇರೆ ದಾರಿಯಿಂದ. ಮಿನೆಸೋಟ ರಾಜ್ಯ 1997ರಲ್ಲಿ ಇಡೀ ರಾಜ್ಯದ ಪೆಟ್ರೋಲಿಗೆ ಎಥೆನಾಲ್ ಬೆರೆಸಲೇಬೇಕೆಂದು ಮಾಡಿತು. 2005ರಲ್ಲಿ, ಮತ್ತೆ 2007ರಲ್ಲಿ ಫೆಡರಲ್ (ಕೇಂದ್ರ) ಸರ್ಕಾರ ದೇಶಕ್ಕೆಲ್ಲ ಬೆರಕೆಯ ಗುರಿ ಹಾಕಿತು. ಇಲ್ಲಿ ಎಣಿಸಿದ್ದು ಮಾರಾಟವಾದ ಗ್ಯಾಲನ್‌ಗಳನ್ನು. ಹಾಗಾಗಿ ಗ್ಯಾಲನ್ ಸಿಕ್ಕಿತು. ಈಗ ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ. ಅದರಿಂದ ಇಂಗಾಲ ಎಷ್ಟು ಉಳಿಯಿತು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಗೊಬ್ಬರ, ಟ್ರ್ಯಾಕ್ಟರ್, ಹೊಸದಾಗಿ ಉತ್ತ ನೆಲ, ಇವನ್ನೆಲ್ಲ ಸೇರಿಸಿದರೆ ಲೆಕ್ಕವೇ ಬದಲಾಗುತ್ತದೆ. ಗ್ಯಾಲನ್ ಎಣಿಸಿದ ಕಾನೂನಿಗೆ ಅದು ಕಾಣುವುದಿಲ್ಲ.

ಜಾರ್ಜಿಯಾದಲ್ಲಿ ಒಂದು ರಾತ್ರಿ

ಎರಡನೇ ಪ್ರಶ್ನೆಗೆ, ಎಷ್ಟು ದಿನ ಎಂಬುದಕ್ಕೆ, ಜಾರ್ಜಿಯಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಆ ರಾಜ್ಯ ಹೊಗೆ ಉಗುಳದ ಕಾರಿಗೆ 5,000 ಡಾಲರ್‌ವರೆಗೆ ಆದಾಯ ತೆರಿಗೆ ರಿಯಾಯಿತಿ ಕೊಡುತ್ತಿತ್ತು. ಕೊಂಡರೂ ಸರಿ, ಲೀಸ್‌ಗೆ ತಗೊಂಡರೂ ಸರಿ. 2013ರ ಹೊತ್ತಿಗೆ ನಿಸಾನ್ ಲೀಫ್ ಎಂಬ ವಿದ್ಯುತ್ ಕಾರಿನ ಲೀಸ್ ತಿಂಗಳಿಗೆ ಸುಮಾರು 200 ಡಾಲರ್‌ಗೆ ಇಳಿಯಿತು. ಎರಡು ವರ್ಷಕ್ಕೆ 4,800 ಡಾಲರ್. ರಾಜ್ಯದ ರಿಯಾಯಿತಿ 5,000. ಅಂದರೆ ಲೀಸಿನ ಕಂತು ಪೂರ್ತಿ ವಾಪಸ್ ಬಂದ ಹಾಗೆ. ಅಟ್ಲಾಂಟಾ ನಗರ ದೇಶದಲ್ಲೇ ಲೀಫ್ ಹೆಚ್ಚು ಓಡಾಡುವ ಊರುಗಳಲ್ಲಿ ಒಂದಾಯಿತು. ತೈಲ ಬೇಡ ಎನ್ನುವ ಹಸಿರು ರಾಜಕೀಯಕ್ಕೆ ಜಾರ್ಜಿಯಾ ಹೆಸರಾದ ರಾಜ್ಯವಲ್ಲ. ಆದರೂ ಜನ ಕೊಂಡರು.

2015ರ ಜುಲೈ 1ಕ್ಕೆ ರಿಯಾಯಿತಿ ನಿಂತಿತು. ಅಷ್ಟೇ ಅಲ್ಲ, ಅದೇ ದಿನದಿಂದ ವಿದ್ಯುತ್ ಕಾರಿಗೆ ವರ್ಷಕ್ಕೆ 200 ಡಾಲರ್ ಶುಲ್ಕವನ್ನೂ ಹಾಕಿದರು. ಹಿಂದಿನ ದಿನದವರೆಗೆ 5,000 ಕೊಟ್ಟ ಕೈ ಮರುದಿನ 200 ಕೇಳಿತು. ಕೆಲವೇ ವಾರಗಳಲ್ಲಿ ಹೊಸ ವಿದ್ಯುತ್ ಕಾರುಗಳ ನೋಂದಣಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಬಿದ್ದುಹೋಯಿತು.

ಇದನ್ನು ನೋಡಿ ಇಬ್ಬರು ಎರಡು ಮಾತು ಹೇಳಬಹುದು. ರಿಯಾಯಿತಿ ಇಲ್ಲದೆ ಈ ಕಾರು ನಿಲ್ಲುವುದೇ ಇಲ್ಲ ಎಂದು ಒಬ್ಬರು. ರಿಯಾಯಿತಿ ಇದ್ದರೆ ಎಂಥ ಊರಲ್ಲೂ ಈ ಕಾರು ಓಡುತ್ತದೆ ಎಂದು ಇನ್ನೊಬ್ಬರು. ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಆ ಒಂದು ರಾತ್ರಿ. 5,000 ಇದ್ದದ್ದು 4,000 ಆಗಿ, 3,000 ಆಗಿ, ಐದು ವರ್ಷದಲ್ಲಿ ಮುಗಿಯುತ್ತದೆ ಎಂದು ಮೊದಲೇ ಹೇಳಿದ್ದರೆ ಮಾರುವವರಿಗೂ ಕೊಳ್ಳುವವರಿಗೂ ತಯಾರಿಗೆ ಸಮಯ ಸಿಗುತ್ತಿತ್ತು. ಶೋರೂಮ್‌ನಲ್ಲಿ ವಿದ್ಯುತ್ ಕಾರಿನ ಬಗ್ಗೆ ಕಲಿತಿದ್ದ ಹುಡುಗರು, ಚಾರ್ಜರ್ ಕೂರಿಸುವ ಎಲೆಕ್ಟ್ರಿಷಿಯನ್‌ಗಳು, ಇವರ ಹೊಟ್ಟೆಪಾಡೂ ಈ ಲೆಕ್ಕದಲ್ಲಿದೆ ಅಲ್ವಾ?

ಅದೇ ಜಾರ್ಜಿಯಾ ಆಮೇಲೆ ಕಾರು ಕಂಪನಿಗಳಿಗೆ ದೊಡ್ಡ ರಿಯಾಯಿತಿ ಕೊಟ್ಟಿತು. ಕಾಮರ್ಸ್ ಎಂಬ ಊರಿನಲ್ಲಿ ಎಸ್‌ಕೆ ಕಂಪನಿಯ ಬ್ಯಾಟರಿ ಕಾರ್ಖಾನೆ ಬಂತು. ಸವಾನಾ ಪಟ್ಟಣದ ಹತ್ತಿರ ಹ್ಯುಂಡೈನ ದೊಡ್ಡ ಕಾರ್ಖಾನೆ 2024ರಲ್ಲಿ ಕಾರು ತಯಾರಿಸಲು ಶುರು ಮಾಡಿತು. ಕಾರು ಮಾಡುವವನಿಗೆ ಪ್ರೋತ್ಸಾಹ, ಕೊಳ್ಳುವವನಿಗೆ ಶುಲ್ಕ. ಕೆಲಸ ಬೇಕು ಎಂಬುದು ಇಲ್ಲಿನ ಎಣಿಕೆ, ಹೊಗೆ ಕಡಿಮೆಯಾಗಬೇಕು ಎಂಬುದಲ್ಲ. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಶುದ್ಧ ಗಾಳಿಯ ನೀತಿ ಎಂದು ಕರೆಯಬಾರದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ತೆರಿಗೆ ರಿಯಾಯಿತಿ ಎಲ್ಲರಿಗೂ ಸಿಗುವುದಿಲ್ಲ. ವರ್ಷಕ್ಕೆ 1,500 ಡಾಲರ್ ತೆರಿಗೆ ಕಟ್ಟುವವರಿಗೆ ಅಂಥ ರಿಯಾಯಿತಿ ಪೂರ್ತಿ ದಕ್ಕಲು ವರ್ಷಗಳೇ ಬೇಕು. ಒಳ್ಳೆಯ ಸಂಬಳ ಇರುವವರಿಗೆ ಒಂದೇ ಸಲಕ್ಕೆ ಸಿಗುತ್ತದೆ. ಹೊಸ ಕಾರು ಕೊಳ್ಳುವವರೂ ಹೆಚ್ಚಾಗಿ ಅವರೇ. ಕ್ಯಾಲಿಫೋರ್ನಿಯಾ ಇದನ್ನು ತಡವಾಗಿ ತಿದ್ದಿಕೊಂಡಿತು. ಅಲ್ಲಿನ ರಿಬೇಟ್ ಯೋಜನೆಗೆ 2016ರಲ್ಲಿ ಆದಾಯದ ಮಿತಿ ಬಂತು. ಹಳೆಯ ಹೊಗೆ ಕಾರನ್ನು ಗುಜರಿಗೆ ಹಾಕುವ ಬಡ ಕುಟುಂಬಗಳಿಗೆ ಬೇರೆಯೇ ಯೋಜನೆ ಬಂತು. ಕೊಲರಾಡೊ ತನ್ನ ತೆರಿಗೆ ರಿಯಾಯಿತಿಯನ್ನು ಕಾರಿನ ಬೆಲೆಯಲ್ಲೇ ಕಳೆದು ಕೊಡಲು ದಾರಿ ಮಾಡಿತು. ಹೆದ್ದಾರಿ ಪಕ್ಕದ ಬಾಡಿಗೆ ಮನೆಗಳಲ್ಲಿ ಇದ್ದುಕೊಂಡು ದಿನವಿಡೀ ಆ ಹೊಗೆ ಕುಡಿಯುವವರಿಗೆ ಈ ಹಣ ಮೊದಲು ತಲುಪಬೇಕು. ಮೂರನೇ ಕಾರು ಕೊಳ್ಳುವ ಮನೆಗಲ್ಲ.

ಕ್ಯಾಲಿಫೋರ್ನಿಯಾದ ವಿಶೇಷ ಹಕ್ಕು

ಈ ವಿಷಯದ ನಡುಮನೆ ಕ್ಯಾಲಿಫೋರ್ನಿಯಾ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಲಾಸ್ ಏಂಜಲೀಸ್‌ನ ಕಣ್ಣುರಿಸುವ ಹೊಗೆಮಂಜಿಗೆ ಕಾರಿನ ಹೊಗೆ ಮತ್ತು ಬಿಸಿಲು ಸೇರಿ ಆಗುವ ರಾಸಾಯನಿಕ ಕ್ರಿಯೆಯೇ ಕಾರಣ ಎಂದು 1950ರ ದಶಕದಲ್ಲಿ ಹಾಗೆನ್ ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಫೆಡರಲ್ ಸರ್ಕಾರಕ್ಕಿಂತ ಮೊದಲೇ ಆ ರಾಜ್ಯ ಕಾರಿನ ಹೊಗೆಗೆ ನಿಯಮ ಮಾಡಿತು. ಹಾಗಾಗಿ ಶುದ್ಧ ಗಾಳಿ ಕಾನೂನು ಬಂದಾಗ ಅದಕ್ಕೊಂದು ವಿನಾಯಿತಿ ಸಿಕ್ಕಿತು. ಬೇರೆ ಯಾವ ರಾಜ್ಯವೂ ಕಾರಿನ ಹೊಗೆಗೆ ತನ್ನದೇ ಮಿತಿ ಹಾಕುವಂತಿಲ್ಲ, ಕ್ಯಾಲಿಫೋರ್ನಿಯಾ ಮಾತ್ರ ಫೆಡರಲ್ ಪರಿಸರ ಇಲಾಖೆಯ ಒಪ್ಪಿಗೆ ಪಡೆದು ಹಾಕಬಹುದು. 1977ರಲ್ಲಿ ಇನ್ನೊಂದು ಸಾಲು ಸೇರಿತು. ಬೇರೆ ರಾಜ್ಯಗಳು ಬೇಕಿದ್ದರೆ ಕ್ಯಾಲಿಫೋರ್ನಿಯಾದ ನಿಯಮವನ್ನೇ ಎತ್ತಿಕೊಳ್ಳಬಹುದು. ಫೆಡರಲ್ ನಿಯಮ ಅಥವಾ ಕ್ಯಾಲಿಫೋರ್ನಿಯಾದ ನಿಯಮ. ಮೂರನೆಯದು ಇಲ್ಲ.

ಈ ಹಕ್ಕನ್ನು ಹಿಡಿದುಕೊಂಡು ರಾಜ್ಯದ ವಾಯು ಮಂಡಳಿ 1990ರಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. 1998ರ ಹೊತ್ತಿಗೆ ದೊಡ್ಡ ಕಂಪನಿಗಳು ಮಾರುವ ಕಾರುಗಳಲ್ಲಿ ಶೇ 2ರಷ್ಟು, 2003ಕ್ಕೆ ಶೇ 10ರಷ್ಟು ಹೊಗೆ ಇಲ್ಲದವು ಆಗಿರಬೇಕು. ಜನರಲ್ ಮೋಟಾರ್ಸ್ ಇವಿ1 ಎಂಬ ಕಾರು ಮಾಡಿದ್ದು ಈ ಒತ್ತಡದ ಕಾಲದಲ್ಲೇ. 1,100 ಚಿಲ್ಲರೆ ಕಾರುಗಳು ತಯಾರಾದವು. ಯಾರಿಗೂ ಮಾರಲಿಲ್ಲ, ಲೀಸ್‌ಗೆ ಮಾತ್ರ ಕೊಟ್ಟರು. ಕಂಪನಿಗಳು ತಕರಾರು ತೆಗೆದವು, ಕೋರ್ಟಿಗೆ ಹೋದವು. ಮಂಡಳಿ 1996ರಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ನಿಯಮ ಸಡಿಲಿಸಿತು. ಇವಿ1ಗಳನ್ನು ಕಂಪನಿ ವಾಪಸ್ ತೆಗೆದುಕೊಂಡು ಬಹುಪಾಲನ್ನು ಜಜ್ಜಿಹಾಕಿತು. ಓಡಿಸಿದವರು ದುಡ್ಡು ಕೊಡುತ್ತೇವೆ, ಬಿಟ್ಟುಬಿಡಿ ಎಂದು ಬೇಡಿಕೊಂಡರೂ ಕೊಡಲಿಲ್ಲ.

ಆ ಹೊತ್ತಿಗೆ ಈ ನಿಯಮ ಸತ್ತಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಮಂಡಳಿ ಅದನ್ನು ರದ್ದು ಮಾಡಿರಲಿಲ್ಲ. ಗುರಿ ಇಳಿಸಿತು, ಗಡುವು ಮುಂದೂಡಿತು, ನಿಯಮವನ್ನು ಮಾತ್ರ ಉಳಿಸಿಕೊಂಡಿತು. ಅದರ ಜೊತೆ ಒಂದು ಕ್ರೆಡಿಟ್ ಪದ್ಧತಿಯನ್ನೂ ಬೆಳೆಸಿತು. ವಿದ್ಯುತ್ ಕಾರು ಮಾರಿದ ಕಂಪನಿಗೆ ಕ್ರೆಡಿಟ್. ಮಾರಲು ಆಗದ ಕಂಪನಿ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಟೆಸ್ಲಾ ಬದುಕಿ ಉಳಿದದ್ದರಲ್ಲಿ ಇದರ ಪಾಲು ದೊಡ್ಡದು. 2020ರಲ್ಲಿ ಆ ಕಂಪನಿ ಮೊದಲ ಬಾರಿಗೆ ಇಡೀ ವರ್ಷದ ಲಾಭ ತೋರಿಸಿತು, ಸುಮಾರು 72 ಕೋಟಿ ಡಾಲರ್. ಅದೇ ವರ್ಷ ಕ್ರೆಡಿಟ್ ಮಾರಾಟದಿಂದ ಬಂದದ್ದು ಸುಮಾರು 158 ಕೋಟಿ. ಅದರಲ್ಲಿ ಯುರೋಪಿನ ಕ್ರೆಡಿಟ್‌ಗಳೂ, ಫೆಡರಲ್ ಕ್ರೆಡಿಟ್‌ಗಳೂ ಸೇರಿವೆ. ಆದರೂ ಈ ಆಟವನ್ನು ಮೊದಲು ಕಟ್ಟಿದ್ದು ಕ್ಯಾಲಿಫೋರ್ನಿಯಾ.

ಇಲ್ಲೂ ಎಣಿಕೆಯ ತೊಡಕು ಇತ್ತು. ಒಂದು ಕಾರಿಗೆ ಒಂದು ಕ್ರೆಡಿಟ್ ಅಲ್ಲ. ಹೆಚ್ಚು ದೂರ ಓಡುವ ಕಾರಿಗೆ ನಾಲ್ಕು ಕ್ರೆಡಿಟ್‌ವರೆಗೂ ಸಿಗುತ್ತಿತ್ತು. ಹಾಗಾಗಿ 2025ಕ್ಕೆ ಶೇ 22 ಎಂದು ಬರೆದಿದ್ದ ಗುರಿ, ನಿಜವಾದ ಕಾರುಗಳ ಲೆಕ್ಕದಲ್ಲಿ ಸುಮಾರು ಶೇ 8 ಮಾತ್ರ. ಜನ ಕೊಂಡದ್ದು ಅದಕ್ಕಿಂತ ತುಂಬಾ ಜಾಸ್ತಿ. 2023ರಲ್ಲಿ ಆ ರಾಜ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ನಾಲ್ಕಕ್ಕೊಂದು ಪ್ಲಗ್ ಹಾಕುವಂಥದ್ದು.

2022ರ ಆಗಸ್ಟ್‌ನಲ್ಲಿ ಮಂಡಳಿ ಹೊಸ ನಿಯಮ ಮಾಡಿದಾಗ ಈ ತೊಡಕನ್ನು ಸರಿಮಾಡಿಕೊಂಡಿತು. 2026ರ ಮಾದರಿಗಳಲ್ಲಿ ಶೇ 35, 2030ಕ್ಕೆ ಶೇ 68, 2035ಕ್ಕೆ ಶೇ 100. ಈ ಸಲ ಹೆಚ್ಚುಕಡಿಮೆ ಕಾರನ್ನೇ ಎಣಿಸುತ್ತಾರೆ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇರೆಯೇ ಒಂದು ಸಾಲು. ಹತ್ತು ವರ್ಷ ಅಥವಾ 1,50,000 ಮೈಲಿ ಆದ ಮೇಲೂ ಕಾರು ಹೊಸದರಲ್ಲಿ ಓಡುತ್ತಿದ್ದ ದೂರದ ಶೇ 70ರಷ್ಟಾದರೂ ಓಡಬೇಕು ಎಂದು ಅದು ಕೇಳುತ್ತದೆ. ಇದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರನ್ನು ನೆನೆದು ಬರೆದ ಸಾಲು. ಬ್ಯಾಟರಿ ಕೈಕೊಟ್ಟರೆ ಏನು ಗತಿ ಎಂಬ ಭಯ ಅವರಿಗೇ ಹೆಚ್ಚು. ಹತ್ತಕ್ಕೂ ಹೆಚ್ಚು ರಾಜ್ಯಗಳು ಈ ನಿಯಮವನ್ನು ಎತ್ತಿಕೊಂಡವು.

ಆಮೇಲೆ 2025 ಬಂತು.

ಪರಿಸರ ಇಲಾಖೆ 2024ರ ಡಿಸೆಂಬರ್‌ನಲ್ಲಿ ಈ ನಿಯಮಕ್ಕೆ ಒಪ್ಪಿಗೆ ಕೊಟ್ಟಿತ್ತು. ಸರ್ಕಾರ ಬದಲಾಯಿತು. ಹೊಸ ಸಂಸತ್ತು ಆ ಒಪ್ಪಿಗೆಯನ್ನೇ ರದ್ದು ಮಾಡಲು ಹೊರಟಿತು. ಇಲಾಖೆಗಳು ಮಾಡುವ ನಿಯಮಗಳನ್ನು ಸರಳ ಬಹುಮತದಿಂದ ತಳ್ಳಿಹಾಕಲು ಅಲ್ಲೊಂದು ಕಾನೂನಿದೆ. ಆದರೆ ಕ್ಯಾಲಿಫೋರ್ನಿಯಾಕ್ಕೆ ಕೊಟ್ಟ ಒಪ್ಪಿಗೆ ಆ ಅರ್ಥದಲ್ಲಿ ನಿಯಮವೇ ಅಲ್ಲ ಎಂದು ಸಂಸತ್ತಿನದೇ ಲೆಕ್ಕಪತ್ರ ಸಂಸ್ಥೆ ಹೇಳಿತ್ತು. ಸೆನೆಟ್‌ನ ಕಾರ್ಯವಿಧಾನ ಸಲಹೆಗಾರರೂ ಅದನ್ನೇ ಹೇಳಿದ್ದರು. ಆದರೂ ಮೇ ತಿಂಗಳಲ್ಲಿ ಸೆನೆಟ್ ಮತ ಹಾಕಿತು. ಜೂನ್ 12ರಂದು ಅಧ್ಯಕ್ಷ ಟ್ರಂಪ್ ಸಹಿ ಮಾಡಿದರು. ಅದೇ ದಿನ ಕ್ಯಾಲಿಫೋರ್ನಿಯಾ ಮತ್ತು ಇನ್ನೂ ಹತ್ತು ರಾಜ್ಯಗಳು ಕೋರ್ಟಿಗೆ ಹೋದವು.

ಜುಲೈ 4ರಂದು ಇನ್ನೊಂದು ದೊಡ್ಡ ಮಸೂದೆಗೆ ಸಹಿ ಬಿತ್ತು. ಹೊಸ ವಿದ್ಯುತ್ ಕಾರಿಗೆ 7,500 ಡಾಲರ್‌ವರೆಗೆ, ಹಳೆಯದಕ್ಕೆ 4,000 ಡಾಲರ್‌ವರೆಗೆ ಇದ್ದ ಫೆಡರಲ್ ರಿಯಾಯಿತಿ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೈಲೇಜ್ ಗುರಿ ತಪ್ಪಿದ ಕಂಪನಿಗಳಿಗೆ ಹಾಕುತ್ತಿದ್ದ ದಂಡ ಸೊನ್ನೆಯಾಯಿತು. ದಂಡವೇ ಇಲ್ಲದ ಮೇಲೆ ಕ್ರೆಡಿಟ್ ಯಾರು ಕೊಳ್ಳುತ್ತಾರೆ? ಆ ಸೆಪ್ಟೆಂಬರ್‌ಗೆ ಮುನ್ನ ವಿದ್ಯುತ್ ಕಾರುಗಳ ಮಾರಾಟ ದಾಖಲೆ ಮುಟ್ಟಿತು. ಅಕ್ಟೋಬರ್‌ನಲ್ಲಿ ಕುಸಿಯಿತು. ಜಾರ್ಜಿಯಾದಲ್ಲಿ ಹತ್ತು ವರ್ಷದ ಹಿಂದೆ ಆದದ್ದು ಈಗ ದೇಶಕ್ಕೆಲ್ಲ ಆಯಿತು.

ರಾಜ್ಯಗಳಿಗೆ ಇದರಿಂದ ಬಿದ್ದ ಹೊಡೆತ ಹಣದ್ದು ಮಾತ್ರ ಅಲ್ಲ. ಒಂದು ಕಾರ್ಖಾನೆ ಕಟ್ಟಲು ನಾಲ್ಕೈದು ವರ್ಷ ಬೇಕು. ನಿಯಮ ನಾಲ್ಕು ವರ್ಷಕ್ಕೊಮ್ಮೆ ತಿರುಗುತ್ತಿದ್ದರೆ ಯಾವ ಕಂಪನಿ ಧೈರ್ಯ ಮಾಡುತ್ತದೆ? ವಿದ್ಯುತ್ ಕಾರಿನ ಪರ ಇರುವವರಿಗೂ ವಿರೋಧ ಇರುವವರಿಗೂ ಈ ಅನಿಶ್ಚಿತತೆ ಒಂದೇ ಥರ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ.

ಇಂಗಾಲವನ್ನೇ ಎಣಿಸಿದರೆ

ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಕಾನೂನಿದೆ. ಇದರ ಬಗ್ಗೆ ಮಾತು ಕಡಿಮೆ, ಕೆಲಸ ಜಾಸ್ತಿ. ಕಡಿಮೆ ಇಂಗಾಲದ ಇಂಧನ ಮಾನದಂಡ ಎಂದು ಅದನ್ನು ಕರೆಯಬಹುದು. 2009ರಲ್ಲಿ ಒಪ್ಪಿಗೆಯಾಗಿ 2011ರಲ್ಲಿ ಜಾರಿಗೆ ಬಂತು.

ಇದು ಇಂಧನದ ಹೆಸರು ನೋಡುವುದಿಲ್ಲ. ಹೊಲದಿಂದ ಅಥವಾ ಬಾವಿಯಿಂದ ಶುರುವಾಗಿ ಚಕ್ರ ತಿರುಗುವವರೆಗೆ ಒಂದು ಘಟಕ ಶಕ್ತಿಗೆ ಎಷ್ಟು ಗ್ರಾಂ ಇಂಗಾಲ ಹೊರಬಿತ್ತು ಎಂದು ಕೇಳುತ್ತದೆ. ವರ್ಷದ ಮಿತಿಗಿಂತ ಕಡಿಮೆ ಇದ್ದರೆ ಮಾರುವವನಿಗೆ ಕ್ರೆಡಿಟ್. ಜಾಸ್ತಿ ಇದ್ದರೆ ಅವನು ಕ್ರೆಡಿಟ್ ಕೊಳ್ಳಬೇಕು. ಮಿತಿ ವರ್ಷ ವರ್ಷ ಇಳಿಯುತ್ತದೆ. ಮೆಕ್ಕೆಜೋಳಕ್ಕಾಗಿ ಬೇರೆಡೆ ಕಾಡು ಕಡಿದು ಹೊಲ ಮಾಡಿದರೆ ಅದನ್ನೂ ಎಥೆನಾಲ್ ಲೆಕ್ಕಕ್ಕೆ ಸೇರಿಸುತ್ತಾರೆ. ಮಧ್ಯಪಶ್ಚಿಮದ ಎಥೆನಾಲ್ ತಯಾರಕರು ಇದು ಅನ್ಯಾಯ ಎಂದು ದಾವೆ ಹೂಡಿದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮಟ್ಟಿಗೆ ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು.

ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಕರಿದ ಎಣ್ಣೆ, ಪ್ರಾಣಿ ಕೊಬ್ಬು, ಸೋಯಾ ಎಣ್ಣೆಯಿಂದ ಮಾಡುವ ನವೀಕೃತ ಡೀಸೆಲ್ ಈಗ ಕ್ಯಾಲಿಫೋರ್ನಿಯಾದಲ್ಲಿ ಉರಿಯುವ ಡೀಸೆಲ್‌ನ ಅರ್ಧಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡಿದೆ. ಲಾರಿಯ ಎಂಜಿನ್ ಬದಲಿಸಬೇಕಿಲ್ಲ. ಒರೆಗಾನ್ 2016ರಲ್ಲಿ, ವಾಷಿಂಗ್ಟನ್ ರಾಜ್ಯ 2023ರಲ್ಲಿ ಇಂಥದ್ದೇ ಕಾನೂನು ಜಾರಿ ಮಾಡಿದವು. ನ್ಯೂ ಮೆಕ್ಸಿಕೊ 2024ರಲ್ಲಿ ಮಸೂದೆ ಪಾಸ್ ಮಾಡಿತು.

ತಕರಾರೂ ಇದೆ. ದೊಡ್ಡ ಹೈನು ಕಾರ್ಖಾನೆಗಳ ಸಗಣಿ ಗುಂಡಿಯಿಂದ ಬರುವ ಮೀಥೇನ್ ಹಿಡಿದರೆ ಅದಕ್ಕೆ ಸೊನ್ನೆಗಿಂತ ಕೆಳಗಿನ ಇಂಗಾಲ ಅಂಕ ಸಿಗುತ್ತದೆ, ಅಂದರೆ ತುಂಬಾ ಕ್ರೆಡಿಟ್. ಸುತ್ತಲಿನ ಹಳ್ಳಿಯವರು ನೊಂದು ಕೇಳುವುದು ಇಷ್ಟೇ: ಸಾವಿರಾರು ದನಗಳ ಗುಂಡಿಯ ಪಕ್ಕ ಬದುಕುವವರು ನಾವು, ಗುಂಡಿ ಇನ್ನಷ್ಟು ದೊಡ್ಡದಾಗಲು ನೀವು ಬಹುಮಾನ ಕೊಡುತ್ತಿದ್ದೀರಾ? ಈ ಪ್ರಶ್ನೆಗೆ ಗ್ರಾಂ ಲೆಕ್ಕದಲ್ಲಿ ಉತ್ತರವಿಲ್ಲ. ಇನ್ನು ಖರ್ಚು. ಬೊಕ್ಕಸದಿಂದ ಹಣ ಹೋಗುವುದಿಲ್ಲ ನಿಜ, ಆದರೆ ಪೆಟ್ರೋಲ್ ಹಾಕಿಸಿಕೊಳ್ಳುವವರ ಜೇಬಿನಿಂದ ಹೋಗುತ್ತದೆ. ಇಷ್ಟಾದರೂ ನಾನು ನೋಡಿದ ಕಾನೂನುಗಳಲ್ಲಿ ತನಗೆ ಬೇಕಾದುದನ್ನೇ ಎಣಿಸುವ ಕಾನೂನು ಇದು ಎಂದು ಹೇಳಬಲ್ಲೆ.

ಚಾರ್ಜರ್‌ಗಳ ವಿಷಯದಲ್ಲೂ ಎಣಿಕೆ ಬದಲಾದದ್ದು ಇತ್ತೀಚೆಗೆ. ಬಹಳ ವರ್ಷ ಹಣ ಕೊಟ್ಟದ್ದು ಚಾರ್ಜರ್ ಕೂರಿಸುವುದಕ್ಕೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಯಾರೂ ನೋಡಲಿಲ್ಲ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 657 ವೇಗದ ಚಾರ್ಜರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಹೋಗಿ ಪರೀಕ್ಷಿಸಿದರು. ಶೇ 72.5 ಮಾತ್ರ ಕೆಲಸ ಮಾಡಿದವು. ಮಕ್ಕಳನ್ನು ಕೂರಿಸಿಕೊಂಡು ದೂರ ಹೊರಟವರು ನಾಲ್ಕರಲ್ಲಿ ಒಂದು ಕಡೆ ಸುಮ್ನೆ ನಿಂತು ವಾಪಸಾಗಬೇಕು ಎಂದರೆ ಅದು ಸಣ್ಣ ವಿಷಯವಲ್ಲ. 2021ರ ಮೂಲಸೌಕರ್ಯ ಕಾನೂನಿನಲ್ಲಿ ರಾಜ್ಯಗಳಿಗೆ 500 ಕೋಟಿ ಡಾಲರ್ ಇಟ್ಟರು. ಆ ಹಣ ಬೇಕಾದರೆ ಚಾರ್ಜರ್ ವರ್ಷದ ಶೇ 97ರಷ್ಟು ಹೊತ್ತು ಕೆಲಸ ಮಾಡುತ್ತಿರಬೇಕು ಎಂಬ ಷರತ್ತು ಆಮೇಲೆ ಬಂತು. ಅದೇ ಹಣವನ್ನು 2025ರ ಫೆಬ್ರುವರಿಯಲ್ಲಿ ತಡೆಹಿಡಿದರು. ರಾಜ್ಯಗಳು ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಬೇಕಾಯಿತು.

ಹೈಡ್ರೋಜನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ ರಿಯಾಯಿತಿ ಸಿಕ್ಕಿತು, ಇಂಧನ ಸಿಗಲಿಲ್ಲ. 2024ರಲ್ಲಿ ಶೆಲ್ ಕಂಪನಿ ಕಾರುಗಳಿಗಾಗಿ ನಡೆಸುತ್ತಿದ್ದ ತನ್ನ ಹೈಡ್ರೋಜನ್ ಬಂಕ್‌ಗಳನ್ನೆಲ್ಲ ಮುಚ್ಚಿತು.

ರಸ್ತೆಯ ದುಡ್ಡು ಯಾರು ಕೊಡಬೇಕು

ಈಗ ಎಲ್ಲ ರಾಜ್ಯಗಳನ್ನೂ ಕಾಡುವ ಪ್ರಶ್ನೆ ಇದು. ಅಮೆರಿಕದಲ್ಲಿ ರಸ್ತೆ ರಿಪೇರಿಯ ಹಣದಲ್ಲಿ ದೊಡ್ಡ ಪಾಲು ಪೆಟ್ರೋಲ್ ತೆರಿಗೆಯಿಂದ ಬರುತ್ತದೆ. ಫೆಡರಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. 1993ರಿಂದ ಒಂದು ಸೆಂಟೂ ಏರಿಲ್ಲ. ರಾಜ್ಯಗಳ ತೆರಿಗೆ ಬೇರೆ. ಗಾಡಿಗಳ ಮೈಲೇಜ್ ಏರಿದಂತೆ ಈ ಹಣ ಇಳಿಯುತ್ತಿದೆ. ವಿದ್ಯುತ್ ಕಾರು ಇದನ್ನು ಕಟ್ಟುವುದೇ ಇಲ್ಲ. ಹಾಗಾಗಿ ಸುಮಾರು 40 ರಾಜ್ಯಗಳು ವಿದ್ಯುತ್ ಕಾರಿಗೆ ವರ್ಷದ ಶುಲ್ಕ ಹಾಕಿವೆ.

ರಸ್ತೆ ಬಳಸುವವರು ರಸ್ತೆಗೆ ಕೊಡಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು? ಟೆಕ್ಸಾಸ್ ತಗೊಳ್ಳಿ. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ವಿದ್ಯುತ್ ಕಾರಿನ ನೋಂದಣಿಗೆ 400 ಡಾಲರ್, ಆಮೇಲೆ ವರ್ಷಕ್ಕೆ 200 ಡಾಲರ್. ಆ ರಾಜ್ಯದ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 20 ಸೆಂಟ್. ಗ್ಯಾಲನ್‌ಗೆ 30 ಮೈಲಿ ಕೊಡುವ ಪೆಟ್ರೋಲ್ ಕಾರು ವರ್ಷಕ್ಕೆ 12,000 ಮೈಲಿ ಓಡಿದರೆ 400 ಗ್ಯಾಲನ್ ಕುಡಿಯುತ್ತದೆ. ರಾಜ್ಯಕ್ಕೆ ಹೋಗುವ ತೆರಿಗೆ 80 ಡಾಲರ್. ಫೆಡರಲ್ ತೆರಿಗೆಯನ್ನೂ ಕೂಡಿಸಿದರೆ 154 ಡಾಲರ್ ಹತ್ತಿರ. ಗ್ಯಾಲನ್‌ಗೆ 20 ಮೈಲಿಯ ದಪ್ಪ ಪಿಕಪ್ ಆದರೂ ರಾಜ್ಯಕ್ಕೆ ಕಟ್ಟುವುದು 120. ವಿದ್ಯುತ್ ಕಾರು ಕಟ್ಟುವುದು 200.

ಇದು ರಸ್ತೆಯ ಲೆಕ್ಕ ಅಲ್ಲ. ವಾರಕ್ಕೊಮ್ಮೆ ಆಸ್ಪತ್ರೆಗೆ ಮಾತ್ರ ಕಾರು ತೆಗೆಯುವ ಅಜ್ಜಿಯೂ 200 ಕೊಡಬೇಕು, ವರ್ಷಕ್ಕೆ 30,000 ಮೈಲಿ ಬಾಡಿಗೆ ಓಡಿಸುವವನೂ 200 ಕೊಡಬೇಕು. ಇಲ್ಲಿ ಎಣಿಸಿದ್ದು ಮೈಲಿಯನ್ನಲ್ಲ, ಭಾರವನ್ನೂ ಅಲ್ಲ, ಕಾರಿನ ಜಾತಿಯನ್ನು. ಅದೇ ಟೆಕ್ಸಾಸ್‌ನಲ್ಲಿ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಕಂಪನಿ ತನ್ನದೇ ಶೋರೂಮ್ ಇಟ್ಟು ನೇರವಾಗಿ ಗ್ರಾಹಕರಿಗೆ ಕಾರು ಮಾರುವುದನ್ನು ಮಾತ್ರ ಅಲ್ಲಿನ ಡೀಲರ್ ಕಾನೂನು ಒಪ್ಪುವುದಿಲ್ಲ. ಜನ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ರಿಯಾಯಿತಿಗಳಷ್ಟೇ ಇಂಥ ಹಳೆಯ ಕಾನೂನುಗಳೂ ಕಾರಿನ ಹಣೆಬರಹ ಬರೆಯುತ್ತವೆ.

ಒರೆಗಾನ್ ಇದಕ್ಕೆ ಬೇರೆ ದಾರಿ ಹುಡುಕಿತು. 1919ರಲ್ಲಿ ದೇಶದಲ್ಲೇ ಮೊದಲು ಪೆಟ್ರೋಲ್ ತೆರಿಗೆ ಹಾಕಿದ ರಾಜ್ಯ ಅದು. 2015ರಲ್ಲಿ ಓಡಿದ ಮೈಲಿಗೆ ಇಂತಿಷ್ಟು ಸೆಂಟ್ ಎಂಬ ಯೋಜನೆಯನ್ನೂ ಅದೇ ಮೊದಲು ಶುರು ಮಾಡಿತು. ಇಷ್ಟ ಇದ್ದವರು ಸೇರಬಹುದಿತ್ತು. ಯೂಟಾ 2020ರಲ್ಲಿ ಹಿಂಬಾಲಿಸಿತು. ನಾನು ಎಲ್ಲಿ ಹೋದೆ ಎಂದು ಸರ್ಕಾರಕ್ಕೆ ಯಾಕೆ ಗೊತ್ತಾಗಬೇಕು ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ.

ಹವಾಯಿ ಆ ಪ್ರಶ್ನೆಗೆ ಸರಳ ಉತ್ತರ ಕಂಡುಕೊಂಡಿದೆ. ಅಲ್ಲಿ ಗಾಡಿಗಳು ಹೇಗೂ ಸುರಕ್ಷತಾ ತಪಾಸಣೆಗೆ ಹೋಗಬೇಕು. ಅಲ್ಲಿ ಓಡೋಮೀಟರ್ ನೋಡಿ ಬರೆದುಕೊಳ್ಳುತ್ತಾರೆ. ಕಾರಿನಲ್ಲಿ ಯಾವ ಯಂತ್ರವೂ ಬೇಡ. 2023ರಲ್ಲಿ ಕಾನೂನು ಮಾಡಿದರು, ಜಾರಿಗೆ 2025ರವರೆಗೆ ಸಮಯ ಕೊಟ್ಟರು. ಈಗ ವಿದ್ಯುತ್ ಕಾರಿನವರು ವರ್ಷಕ್ಕೆ 50 ಡಾಲರ್ ಕಟ್ಟಬಹುದು. ಇಲ್ಲವೇ 1,000 ಮೈಲಿಗೆ 8 ಡಾಲರ್‌ನಂತೆ, 50 ಮೀರದ ಹಾಗೆ ಕಟ್ಟಬಹುದು. 2028ರ ಜುಲೈನಿಂದ ಆಯ್ಕೆ ಇರುವುದಿಲ್ಲ, ಎಲ್ಲ ವಿದ್ಯುತ್ ಕಾರಿಗೂ ಮೈಲಿ ಲೆಕ್ಕವೇ. ವರ್ಷಕ್ಕೆ 2,000 ಮೈಲಿ ಓಡಿಸುವ ಅಜ್ಜಿಗೆ ಅಲ್ಲಿ ಬರುವ ಬಿಲ್ 16 ಡಾಲರ್.